ಉಪ್ಪು ಹೊಯ್ಗೆಯಲ್ಲಿ ಕಿರುಚುವ ಮೆಷಿನ್: ಈಕ್ವಿನಾಕ್ಸ್ 800 ಮತ್ತು ನನ್ನ ತಪ್ಪುಗಳು

ಅಕ್ಟೋಬರ್ ತಿಂಗಳ ಒಂದು ಶನಿವಾರ, ಬೆಳಗಿನ ಆರೂವರೆ. ನ್ಯೂಜೆರ್ಸಿಯ ಬೆಲ್ಮಾರ್ ಬೀಚಿನಲ್ಲಿ ಇದ್ದದ್ದು ನಾನು, ಎರಡು ನಾಯಿ, ಅವುಗಳ ಯಜಮಾನಿ, ಮತ್ತೆ ನನ್ನ ಕೈಯಲ್ಲಿ ಒಂದು ಮೆಟಲ್ ಡಿಟೆಕ್ಟರ್. ಒಣ ಹೊಯ್ಗೆ ಮೇಲೆ ಅದು ಸಾಧುವಾಗಿತ್ತು. ತೆರೆ ಬಂದು ಹೋಗುವ ಒದ್ದೆ ಜಾಗಕ್ಕೆ ಕಾಲಿಟ್ಟದ್ದೇ ತಡ, ಹಲ್ಲು ನೋವಿನ ಮಗು ಥರ ಕಿರುಚಲು ಶುರು. ಎಡಕ್ಕೆ ಬೀಸಿದರೆ ಕುಂಯ್, ಬಲಕ್ಕೆ ಬೀಸಿದರೆ ಕುಂಯ್. ಅಗೆದರೆ ಏನೂ ಇಲ್ಲ. ಆ ಹೆಂಗಸು ನನ್ನನ್ನು ನೋಡಿ, ನಾಯಿಗಳನ್ನು ಎಳೆದುಕೊಂಡು ಬೇಗ ಬೇಗ ಮುಂದೆ ಹೋದರು.

ಅದು ನನ್ನ ಮೊದಲ ಮೆಷಿನ್. ಅದರ ಹೆಸರು ಇಲ್ಲಿ ಬೇಡ, ಯಾಕೆಂದರೆ ತಪ್ಪು ಅದರದ್ದಲ್ಲ. ಈಗ ನಾನು ರಿವ್ಯೂ ಬರೆಯುತ್ತಿರುವುದು ಎರಡನೆಯದರ ಬಗ್ಗೆ, ಮೈನ್‌ಲ್ಯಾಬ್ ಕಂಪನಿಯ ಈಕ್ವಿನಾಕ್ಸ್ 800. ಮೂರು ವರ್ಷದಿಂದ ಕೈಯಲ್ಲಿದೆ. ಆದರೆ ಮೊದಲಿನದರ ಕತೆ ಹೇಳದಿದ್ದರೆ ಇದರ ಬೆಲೆ ತಿಳಿಯುವುದಿಲ್ಲ.

ನಾನು ಕುಂದಾಪುರದ ಕಡೆಯವನು. ಕಡಲು, ಹೊಯ್ಗೆ ಹೊಸದಲ್ಲ. ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡು. ಐವತ್ತು ದಾಟಿದ ಮೇಲೆ ಡಾಕ್ಟರು "ನಡೀರಿ" ಅಂದರು. ಸುಮ್ನೆ ನಡೆಯುವುದು ನನ್ನಿಂದ ಆಗುವ ಕೆಲಸ ಅಲ್ಲ. ಕೈಯಲ್ಲಿ ಏನಾದರೂ ಬೇಕು. ಹಾಗೆ ಈ ಹುಚ್ಚು ಹತ್ತಿತು.

ಮೊದಲ ಮೆಷಿನ್ ಕಿರುಚುತ್ತದೆ ಅಂತ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿದ್ದವನು ಒಂದು ನಿಮಿಷವೂ ಯೋಚಿಸದೆ "ಕಾಯಿಲ್ ಹೋಗಿರಬಹುದು" ಅಂದ. ಕಾಯಿಲ್ ಅಂದರೆ ಕಡ್ಡಿಯ ತುದಿಯಲ್ಲಿರುವ, ನೆಲದ ಮೇಲೆ ಬೀಸುವ ತಟ್ಟೆ. ನೂರಕ್ಕೂ ಜಾಸ್ತಿ ಡಾಲರ್ ಕೊಟ್ಟು ಹೊಸ ಕಾಯಿಲ್ ತರಿಸಿದೆ. ಹೊಸ ಕಾಯಿಲ್ ಕೂಡ ಅದೇ ರಾಗ, ಅದೇ ತಾಳ. ಆಮೇಲೆ ಗೊತ್ತಾಯಿತು, ಹಳೆ ಕಾಯಿಲ್‌ಗೆ ಏನೂ ಆಗಿರಲಿಲ್ಲ ಅಂತ. ಅದು ಈಗಲೂ ಗ್ಯಾರೇಜಿನಲ್ಲಿದೆ. ಅಂಗಡಿಯವನು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು: "ಒಣ ಹೊಯ್ಗೆಯಲ್ಲೋ, ಒದ್ದೆ ಹೊಯ್ಗೆಯಲ್ಲೋ?" ಅಷ್ಟು ಕೇಳಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಇದು ಯಾಕೆ ಅಂತ ಸ್ವಲ್ಪ ಹೇಳಬೇಕು. ಡಿಟೆಕ್ಟರ್ ಮಾಡುವ ಕೆಲಸ ಇಷ್ಟೇ. ತಟ್ಟೆಯಂಥ ಕಾಯಿಲ್‌ನಿಂದ ಕಾಂತಕ್ಷೇತ್ರ ನೆಲದೊಳಗೆ ಹೋಗುತ್ತದೆ, ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಾ. ಸೆಕೆಂಡಿಗೆ ಎಷ್ಟು ಸಲ ಅನ್ನುವುದೇ ಫ್ರೀಕ್ವೆನ್ಸಿ. ಒಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ಕರೆಂಟು ಸುತ್ತುತ್ತದೆ. ಆ ಕರೆಂಟು ತನ್ನದೇ ಒಂದು ಉತ್ತರ ವಾಪಸ್ ಕಳಿಸುತ್ತದೆ. ಆ ಉತ್ತರ ಎಷ್ಟು ಹಿಂದೆ ಬಿತ್ತು ಅನ್ನುವುದರ ಮೇಲೆ ಕಬ್ಬಿಣವೋ, ಬೆಳ್ಳಿಯೋ ಅಂತ ಮೆಷಿನ್ ಅಂದಾಜು ಮಾಡುತ್ತದೆ.

ಈಗ ಸಮುದ್ರಕ್ಕೆ ಬನ್ನಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಉಪ್ಪು ನೀರಲ್ಲಿ ಕರೆಂಟು ಹರಿಯುತ್ತದೆ. ಅಂದರೆ ಮೆಷಿನ್ ಕಣ್ಣಿಗೆ ಇಡೀ ಒದ್ದೆ ದಂಡೆಯೇ ಒಂದು ದೊಡ್ಡ, ತೆಳು ಲೋಹದ ತಗಡು! ಅದರ ಉತ್ತರ ಬಂದು ಬೀಳುವುದು ಚಾಕೊಲೇಟ್ ಸುತ್ತಿದ ಬೆಳ್ಳಿ ಕಾಗದ ಬೀಳುವ ಜಾಗದಲ್ಲಿ. ತೆಳುವಾದ ಚಿನ್ನದ ಸರ ಬೀಳುವುದೂ ಅಲ್ಲೇ. ತಮಾಷೆ ನೋಡಿ. ಉಪ್ಪಿನ ಬಾಯಿ ಮುಚ್ಚಿಸಿದರೆ ಸರದ ಬಾಯಿಯೂ ಮುಚ್ಚುತ್ತದೆ. ಯಾವ ಮೆಷಿನ್ ಮಾರುವವನೂ ಇದನ್ನು ಮೊದಲು ಹೇಳುವುದಿಲ್ಲ.

ಇನ್ನೊಂದು ಇದೆ, ಕರಿ ಹೊಯ್ಗೆ. ಊರಲ್ಲಿ ಮಳೆಗಾಲ ಮುಗಿದ ಮೇಲೆ ದಂಡೆಯಲ್ಲಿ ಕಪ್ಪು ಪಟ್ಟೆ ಕಾಣುತ್ತದಲ್ಲ, ಅದೇ. ಜೆರ್ಸಿಯಲ್ಲೂ ದೊಡ್ಡ ಬಿರುಗಾಳಿ ಆದ ಮೇಲೆ ಕಾಣುತ್ತದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎಳೆದರೆ ಗಡ್ಡ ಬಂದ ಹಾಗೆ ಅಂಟಿಕೊಳ್ಳುತ್ತದೆ. ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಅದಿರು. ಇದರ ಉತ್ತರವೂ ಉಪ್ಪಿನ ಉತ್ತರವೂ ಬೇರೆ ಬೇರೆ ಕಡೆ. ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಎರಡರಲ್ಲಿ ಒಂದನ್ನು ಮಾತ್ರ ಲೆಕ್ಕದಿಂದ ತೆಗೆಯಬಲ್ಲದು. ಉಪ್ಪನ್ನು ಸುಮ್ಮನಾಗಿಸಿದರೆ ಕರಿ ಹೊಯ್ಗೆ ಎದ್ದು ಕೂರುತ್ತದೆ. ಇಬ್ಬರು ಮಕ್ಕಳನ್ನು ಒಂದೇ ತೊಟ್ಟಿಲಲ್ಲಿ ಮಲಗಿಸಿದ ಹಾಗೆ.

ನನ್ನ ಮೊದಲ ಮೆಷಿನ್‌ನಲ್ಲಿ ನೆಲಕ್ಕೆ ಹೊಂದಿಸುವ ಬಟನ್ನೇ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಪಾರ್ಕಿನ ಮಣ್ಣಿಗೆ ಹೊಂದಿಸಿ ಬಿಟ್ಟಿದ್ದರು. ಪಾಪ, ಅದು ಏನು ಮಾಡೀತು? ಪಾರ್ಕಿನಲ್ಲಿ, ಒಣ ಹೊಯ್ಗೆಯಲ್ಲಿ ಈಗಲೂ ಚೆನ್ನಾಗಿದೆ. ಮಗನಿಗೆ ಕೊಟ್ಟಿದ್ದೇನೆ.

ಈಕ್ವಿನಾಕ್ಸ್‌ನಂಥವು ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸುತ್ತವೆ. ಪ್ರತಿ ಫ್ರೀಕ್ವೆನ್ಸಿಯಲ್ಲಿ ಉಪ್ಪು ಒಂದು ಥರ, ಅದಿರು ಒಂದು ಥರ, ನಾಣ್ಯ ಒಂದು ಥರ ವರ್ತಿಸುತ್ತದೆ. ಒಂದನ್ನೊಂದು ತಾಳೆ ನೋಡಿ ಎರಡೂ ಗಲಾಟೆಯನ್ನು ಕಳೆಯಬಹುದು. ಮೈನ್‌ಲ್ಯಾಬ್ ಆಸ್ಟ್ರೇಲಿಯಾದ ಕಂಪನಿ, ತನ್ನ ಈ ವಿದ್ಯೆಗೆ ಮಲ್ಟಿ-ಐಕ್ಯೂ ಅಂತ ಹೆಸರಿಟ್ಟಿದೆ. 800 ಮಾರುಕಟ್ಟೆಗೆ ಬಂದದ್ದು 2018ರಲ್ಲಿ, ಆಗ ಬೆಲೆ 900 ಡಾಲರ್ ಹತ್ತಿರ. ಈಗ 700, 900 ಅಂತ ಹೊಸವು ಬಂದಿವೆ. ಹಾಗಾಗಿ ಹಳೆಯದು ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ನಾನು ಕೊಟ್ಟದ್ದು 550.

ಇಷ್ಟೆಲ್ಲ ಓದಿ, ಲೆಕ್ಕ ಹಾಕಿ, ದುಡ್ಡು ಕೊಟ್ಟು ತಂದೆನಾ? ಬೆಲ್ಮಾರಿಗೆ ಹೋಗಿ ಆನ್ ಮಾಡಿದೆನಾ? ಒದ್ದೆ ಹೊಯ್ಗೆಗೆ ಇಟ್ಟೆನಾ?

ಕುಂಯ್.

ಮನೆಗೆ ಬಂದು ಶೂ ಬಿಚ್ಚುವಾಗ ಹೆಂಡತಿ ಮುಖ ನೋಡಿಯೇ ಕೇಳಿದಳು, "ಎಂತ, ಇದೂ ವಾಪಸ್ಸಾ?"

ಇಲ್ಲಿ ನನ್ನ ನಾಚಿಕೆಯ ಭಾಗ ಬರುತ್ತದೆ. ಆಫೀಸಿನಲ್ಲಿ ಹೊಸ ಹುಡುಗರಿಗೆ ನಾನು ದಿನಾ ಹೇಳುವ ಮಾತು ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೀಚಿನಲ್ಲಿ ನಾನು ಮಾಡಿದ್ದು? ಸೆನ್ಸಿಟಿವಿಟಿ (ಎಷ್ಟು ಸಣ್ಣ ಉತ್ತರಕ್ಕೂ ಕಿವಿಗೊಡಬೇಕು ಅನ್ನುವ ಮಟ್ಟ) ಏರಿಸಿದೆ, ಮೋಡ್ ಬದಲಿಸಿದೆ, ವಾಲ್ಯೂಮ್ ತಗ್ಗಿಸಿದೆ, ಗಾಬರಿಯಲ್ಲಿ ರೀಸೆಟ್ ಒತ್ತಿದೆ. ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಿಲ್ಲ. ಮುಂದಿನ ವಾರ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ತಗೊಂಡು ಹೋದೆ.

ಮೊದಲ ಪರೀಕ್ಷೆ ಗಾಳಿಯಲ್ಲಿ. ಕಾಯಿಲನ್ನು ಸೊಂಟದ ಎತ್ತರಕ್ಕೆ ಎತ್ತಿ ಹಿಡಿದೆ. ಅಲುಗಾಡಿಸಲಿಲ್ಲ. ಆಗಲೂ ಗುಟುಗುಟು ಅನ್ನುತ್ತಿತ್ತು. ಗಾಳಿಯಲ್ಲಿ ಉಪ್ಪೂ ಇಲ್ಲ, ಕರಿ ಹೊಯ್ಗೆಯೂ ಇಲ್ಲ, ಮತ್ತೆ ಈ ಸದ್ದು ಎಲ್ಲಿಂದ? ಕರೆಂಟಿನ ಗಲಾಟೆ. ಜೇಬಿನಲ್ಲಿದ್ದ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದೆ, ಅರ್ಧ ಹೋಯಿತು. ಆಮೇಲೆ ಕಾಯಿಲ್ ಅಲುಗಿಸದೆ ನಾಯ್ಸ್ ಕ್ಯಾನ್ಸಲ್ ಒತ್ತಿದೆ. ಮೆಷಿನ್ ತನ್ನ 19 ಚಾನೆಲ್‌ಗಳನ್ನು ಒಂದೊಂದಾಗಿ ಕೇಳಿ ನೋಡಿ, ಯಾವುದು ಶಾಂತವೋ ಅಲ್ಲಿ ಕೂರುತ್ತದೆ. ನಮ್ಮ ಕಡೆ ಹಳೆ ರೇಡಿಯೋದಲ್ಲಿ ಮುಳ್ಳು ತಿರುಗಿಸಿ ಧಾರವಾಡ ಹಿಡಿಯುತ್ತಿದ್ದೆವಲ್ಲ, ಹಾಗೆ. ಕೆಲವೇ ಸೆಕೆಂಡು. ಗಾಳಿಯಲ್ಲಿ ಪೂರ್ತಿ ಮೌನ.

ಇದನ್ನು ಎಷ್ಟು ಜನ ಮಾಡುವುದಿಲ್ಲ! ಬೋರ್ಡ್‌ವಾಕ್, ಅಂದರೆ ದಂಡೆಯುದ್ದಕ್ಕೂ ಹಾಕಿದ ಹಲಗೆಯ ದಾರಿ, ಅದರ ಹತ್ತಿರ ದೀಪದ ಕಂಬ, ಕ್ಯಾಮೆರಾ, ನೆಲದೊಳಗಿನ ತಂತಿ ಎಲ್ಲ ಇರುತ್ತವೆ. ಹತ್ತು ಹೆಜ್ಜೆ ದೂರದಲ್ಲಿ ಇನ್ನೊಬ್ಬನ ಡಿಟೆಕ್ಟರ್ ಇದ್ದರೂ ಸಾಕು, ಎರಡೂ ಜಗಳಕ್ಕೆ ನಿಲ್ಲುತ್ತವೆ. ಅದನ್ನು ಉಪ್ಪಿನ ಗಲಾಟೆ ಅಂದುಕೊಂಡು ಉಪ್ಪಿಗೆ ಔಷಧ ಮಾಡುತ್ತಾ ಕೂತರೆ ವಾಸಿ ಆಗುವುದಿಲ್ಲ.

ಎರಡನೆಯದು, ಕಾಯಿಲನ್ನು ಒದ್ದೆ ಹೊಯ್ಗೆ ಮೇಲೆ ಇಟ್ಟು ಸುಮ್ಮನೆ ನಿಂತೆ. ಸದ್ದಿಲ್ಲ. ಬೀಸಿದೆ, ಸದ್ದು. ಸರಿ, ಹಾಗಾದರೆ ಇದು ನೆಲದ್ದೇ ಅಂತ ಬರೆದುಕೊಂಡೆ. ಆದರೆ ಮೂರನೆಯದಕ್ಕೆ ಹೋಗುವ ಮೊದಲು ಕಡ್ಡಿಯನ್ನು ಹಾಗೇ ಅಲುಗಿಸಿದೆ, ಕಾಯಿಲ್ ಗಾಳಿಯಲ್ಲಿ ಇರುವಾಗ. ಮತ್ತೆ ಕುಂಯ್! ಬಗ್ಗಿ ನೋಡಿದರೆ ಕಾಯಿಲ್‌ನಿಂದ ಬರುವ ಕೇಬಲ್ ಕಡ್ಡಿಗೆ ಸಡಿಲವಾಗಿ ಸುತ್ತಿಕೊಂಡಿದೆ, ಬೀಸಿದಾಗೆಲ್ಲ ಲಟಲಟ ಬಡಿಯುತ್ತದೆ. ಪರದೆ ಇರುವ ಪೆಟ್ಟಿಗೆಗೆ ಸಿಕ್ಕಿಸುವ ಜಾಗದಲ್ಲಿ ತಿರುಪು ಅರ್ಧವೇ ಬಿಗಿದಿದ್ದೆ. ಎರಡೂ ನಾನೇ ಜೋಡಿಸಿದ್ದು. ಯಾರನ್ನು ಬಯ್ಯುವುದು? ಬೆರಳಲ್ಲಿ ಬಿಗಿ ಮಾಡಿದೆ. ಕೇಬಲ್ಲಿಗೆ ಎರಡು ಕಡೆ ವೆಲ್ಕ್ರೋ ಪಟ್ಟಿ ಹಾಕಿದೆ.

ಇನ್ನೊಂದು ಕಳ್ಳ ಕಾಯಿಲ್ ಅಡಿಯ ಪ್ಲಾಸ್ಟಿಕ್ ಮುಚ್ಚಳ. ಕಾಯಿಲ್ ಸವೆಯದಿರಲಿ ಅಂತ ಹಾಕುತ್ತಾರೆ. ಅದರ ಸಂದಿನಲ್ಲಿ ಉಪ್ಪು ನೀರು, ಕರಿ ಹೊಯ್ಗೆ ಸೇರಿಕೊಳ್ಳುತ್ತದೆ. ಆಗ ನೀವು ಹೋದಲ್ಲೆಲ್ಲ ಒಂದು ಚಮಚ ಬೀಚನ್ನು ಕಾಯಿಲ್‌ಗೆ ಅಂಟಿಸಿಕೊಂಡೇ ಹೋಗುತ್ತೀರಿ. ನಾನು ಮುಚ್ಚಳ ಕಿತ್ತು ತೊಳೆದಾಗ ಬಂದ ಕೊಳೆ ನೋಡಿದರೆ ಕಾಫಿ ಫಿಲ್ಟರಿನ ಗಸಿ ಥರ ಇತ್ತು. ಈಗ ಪ್ರತಿ ಸಲ ಮನೆಗೆ ಬಂದು ಸಿಹಿ ನೀರಲ್ಲಿ ತೊಳೆಯುತ್ತೇನೆ, ಮುಚ್ಚಳ ತೆಗೆದು.

ಹೊಯ್ಗೆ ತೋಡುವ ಸ್ಟೀಲ್ ಸ್ಕೂಪ್ ಗೊತ್ತಲ್ಲ, ಬೋಂಡ ಕರಿಯುವ ಜಾಲರಿ ಸೌಟಿನ ದೊಡ್ಡಣ್ಣ. ಅದನ್ನು ಕಾಯಿಲ್ ಪಕ್ಕದಲ್ಲೇ ಎಳೆದುಕೊಂಡು ಹೋಗುತ್ತಿದ್ದೆ. ಬಲಕ್ಕೆ ಬೀಸಿದಾಗ ಮಾತ್ರ ಸದ್ದು ಯಾಕೆ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ. ನನ್ನ ಸ್ಕೂಪನ್ನೇ ನಾನು ಪತ್ತೆ ಮಾಡುತ್ತಿದ್ದೆ ಮಾರಾಯ್ರೇ! ಈಗ ಹಿಂದೆ, ಎರಡು ಮಾರು ದೂರದಲ್ಲಿ, ಹಗ್ಗದಲ್ಲಿ ಎಳೆಯುತ್ತೇನೆ. ಸ್ಟೀಲ್ ಟೋ ಇರುವ ಶೂ ಹಾಕುವವರಿಗೂ ಇದೇ ಮಾತು.

ಇಷ್ಟಾದ ಮೇಲೆ ಉಳಿದದ್ದು ನಿಜವಾದ ಉಪ್ಪಿನ ಸದ್ದು. ಮೊದಲಿನ ಕಾಲು ಭಾಗವೂ ಇರಲಿಲ್ಲ.

ಈಕ್ವಿನಾಕ್ಸ್‌ನಲ್ಲಿ ಬೀಚಿಗೆ ಎರಡು ಮೋಡ್. ಬೀಚ್ 1 ಒಣ ಮತ್ತು ಒದ್ದೆ ಹೊಯ್ಗೆಗೆ, ಬೀಚ್ 2 ತೆರೆ ಹೊಡೆಯುವ ಜಾಗಕ್ಕೆ, ನೀರೊಳಗಿಗೆ. ಮೊದಲ ದಿನ ನಾನಿದ್ದದ್ದು ಪಾರ್ಕ್ ಮೋಡ್‌ನಲ್ಲಿ, ಯಾಕೆಂದರೆ ಆನ್ ಮಾಡಿದಾಗ ಅದೇ ಬಂದಿತ್ತು. ಬೀಚ್ ಮೋಡ್‌ಗಳಲ್ಲಿ ಒಂಟಿ ಫ್ರೀಕ್ವೆನ್ಸಿ ಆರಿಸುವ ಅವಕಾಶವೇ ಇಲ್ಲ, ಮಲ್ಟಿ ಮಾತ್ರ. ಒಳ್ಳೆಯದಾಯಿತು, ನನ್ನಂಥ ಬೆರಳು ಸುಮ್ಮನಿರದವರನ್ನು ಕಾಪಾಡಿದ್ದಾರೆ. ಕರಿ ಹೊಯ್ಗೆ ಜಾಸ್ತಿ ಸಿಕ್ಕಿದರೆ ಮೆಷಿನ್ ತಾನೇ ಕಳಿಸುವ ಶಕ್ತಿಯನ್ನು ಕಡಿಮೆ ಮಾಡಿಕೊಂಡು ಪರದೆಯಲ್ಲಿ ಒಂದು ಗುರುತು ತೋರಿಸುತ್ತದೆ. ಈ ಗುರುತು ಕಂಡರೆ ಗಾಬರಿ ಬೇಡ, ಅದು ಕೆಟ್ಟಿಲ್ಲ.

ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮೆಷಿನನ್ನು ನೆಲಕ್ಕೆ ಹೊಂದಿಸುವುದು, ಅದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಲೋಹ ಇಲ್ಲದ ಜಾಗ ಹುಡುಕಿ, ಬಟನ್ ಒತ್ತಿ ಹಿಡಿದು, ಕಾಯಿಲನ್ನು ನೆಲಕ್ಕೆ ಹತ್ತಿರ ತಂದು ಮೇಲೆತ್ತಿ, ಮತ್ತೆ ಇಳಿಸಿ. ಒನಕೆ ಕುಟ್ಟುವ ಹಾಗೆ, ಆದರೆ ನೆಲಕ್ಕೆ ಬಡಿಯದೆ. ಸದ್ದು ಕಡಿಮೆ ಆಗುವವರೆಗೆ. ಈ ಹೊಂದಿಕೆಯ ನಂಬರ್ -9ರಿಂದ 99ರವರೆಗೆ ಇದೆ. ಉಪ್ಪು ಹೊಯ್ಗೆಯಲ್ಲಿ ಸೊನ್ನೆಯ ಆಸುಪಾಸು ಬಂದು ನಿಲ್ಲುತ್ತದೆ. ಮುಖ್ಯ ಏನೆಂದರೆ, ಇದನ್ನು ನೀವು ಹುಡುಕುವ ಜಾಗದಲ್ಲೇ ಮಾಡಬೇಕು. ಕಾರಿನಿಂದ ಇಳಿದು ಒಣ ಹೊಯ್ಗೆಯಲ್ಲಿ ಮಾಡಿ ಒದ್ದೆಗೆ ಹೋದರೆ, ಬೇರೆಯವನ ಅಳತೆ ಕೊಟ್ಟು ಅಂಗಿ ಹೊಲಿಸಿದ ಹಾಗೆ.

ಮತ್ತೆ ನಡೆಯುವ ದಿಕ್ಕು. ಇದನ್ನು ನನಗೆ ಹೇಳಿದ್ದು ಬೀಚಿನಲ್ಲಿ ಸಿಕ್ಕಿದ ಒಬ್ಬ ಅಜ್ಜ. ನಾನು ನೀರಿನ ಕಡೆಗೆ ಹೋಗಿ, ವಾಪಸ್ ಒಣ ಕಡೆಗೆ ಬಂದು, ಹಾಗೆ ಗದ್ದೆ ಉಳುವಂತೆ ಹೋಗುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ, ಹತ್ತಿರ ಬಂದು, ಕಾಲಿನ ಹೆಬ್ಬೆರಳಿನಿಂದ ಹೊಯ್ಗೆ ಮೇಲೆ ತೆರೆಗೆ ಸಮವಾಗಿ ಒಂದು ಗೆರೆ ಎಳೆದರು. "ಹೀಗೆ ನಡಿ" ಅಂದರು. ಅಷ್ಟೇ. ಯೋಚಿಸಿದರೆ ಸರಿ ಅಲ್ವಾ? ನೀರಿನ ಕಡೆ ಹೋದಂತೆ ಪ್ರತಿ ಹೆಜ್ಜೆಗೆ ಒದ್ದೆ ಹೆಚ್ಚು, ಉಪ್ಪು ಹೆಚ್ಚು, ಮೆಷಿನ್ ಲೆಕ್ಕ ಹೊಸದು. ತೆರೆಗೆ ಸಮವಾಗಿ ನಡೆದರೆ ಉದ್ದಕ್ಕೂ ಒಂದೇ ಥರದ ಒದ್ದೆ. ಬೀಸುವುದೂ ಹಾಗೇ. ಕೊನೆಯಲ್ಲಿ ಕೈ ಮೇಲೆ ಹೋಗಬಾರದು. ಲೋಲಕದಂತೆ ಮೇಲೆತ್ತಿದರೆ ಎರಡೂ ತುದಿಯಲ್ಲಿ ಸುಳ್ಳು ಸದ್ದು ಬರುತ್ತದೆ. ಸಗಣಿ ಸಾರಿಸುವವರ ಕೈ ನೋಡಿ, ನೆಲ ಬಿಟ್ಟು ಏಳುವುದಿಲ್ಲ. ಹಾಗೆ. ತೆರೆ ಬಂದು ಕಾಯಿಲ್ ಮೇಲೆ ಹರಿದಾಗ ಸದ್ದು ಬಂದೇ ಬರುತ್ತದೆ. ಆಗ ನಿಂತು ಬಿಡಿ, ನೀರು ಇಳಿಯಲಿ, ಆಮೇಲೆ ಬೀಸಿ.

ಸೆನ್ಸಿಟಿವಿಟಿ. ದುರಾಸೆ ಇರುವುದು ಇಲ್ಲಿ. 1ರಿಂದ 25ರವರೆಗೆ ಇದೆ, ಕಂಪನಿ ಕೊಡುವುದು 20. ನಾನು 24ರಲ್ಲಿ ಇಟ್ಟಿದ್ದೆ, ಜಾಸ್ತಿ ಆಳ ಸಿಗಲಿ ಅಂತ. ಎಷ್ಟರಲ್ಲಿ ಇಡಬೇಕು ಅಂತ ತಿಳಿಯಲು ಒಂದು ಪರೀಕ್ಷೆ ಮಾಡಿದೆ, ಮನೆಯಲ್ಲಿ ಕೇಳದೆ. ನನ್ನ ಮದುವೆ ಉಂಗುರ, 22 ಕ್ಯಾರಟ್, ಕುಂದಾಪುರದಲ್ಲಿ ಮಾಡಿಸಿದ್ದು. ಅದಕ್ಕೆ ಹೂ ಕಟ್ಟುವ ದಾರ ಕಟ್ಟಿದೆ, ಎರಡು ಮಾರು ಉದ್ದ. ಇನ್ನೊಂದು ತುದಿಯನ್ನು ಎಡಗೈ ಮಣಿಕಟ್ಟಿಗೆ ಮೂರು ಸುತ್ತು ಬಿಗಿದೆ. ಒದ್ದೆ ಹೊಯ್ಗೆಯಲ್ಲಿ ಒಂದು ಗೇಣು ಆಳ ತೋಡಿ ಉಂಗುರ ಇಟ್ಟು ಮುಚ್ಚಿದೆ. ಪಕ್ಕದಲ್ಲಿ ಅಷ್ಟೇ ಆಳದಲ್ಲಿ ಕೇರಂ ಸ್ಟ್ರೈಕರಿಗೆ ಅಂಟಿಸಿದ ಒಂದು ನಿಕ್ಕಲ್, ಅಂದರೆ ಅಮೆರಿಕದ ಐದು ಸೆಂಟಿನ ನಾಣ್ಯ. ಸ್ಟ್ರೈಕರ್ ಯಾಕೆಂದರೆ ಬಿಳಿ ಬಣ್ಣ, ವಾಪಸ್ ಹುಡುಕಲು ಸುಲಭ.

24ರಲ್ಲಿ ಬೀಸಿದೆ. ಉಂಗುರ ಇದ್ದಲ್ಲೂ ಸದ್ದು, ಇಲ್ಲದಲ್ಲೂ ಸದ್ದು. ಯಾವ ಲೋಹ ಅಂತ ಅಂದಾಜು ಮಾಡಿ ಪರದೆಯಲ್ಲಿ ತೋರಿಸುವ ನಂಬರ್ 1, 2, 9, 4, ಮತ್ತೆ 1. ದಾರ ಹಿಡಿದೇ ಗೊತ್ತು ಉಂಗುರ ಎಲ್ಲಿದೆ ಅಂತ, ಮೆಷಿನ್‌ನಿಂದಲ್ಲ. 22ಕ್ಕೆ ಇಳಿಸಿದೆ, ಸ್ವಲ್ಪ ಪರವಾಗಿಲ್ಲ. 20ರಲ್ಲಿ ಉಂಗುರದ ಮೇಲೆ ಬಂದಾಗ ಸದ್ದಿನ ಬಣ್ಣ ಬೇರೆ ಅನ್ನಿಸಿತು. 18ರಲ್ಲಿ ಸುತ್ತ ಮೌನ, ಉಂಗುರದ ಮೇಲೆ ಒಂದು ಸಣ್ಣ, ದುಂಡಗಿನ "ಟುಂ". ಹೋಗುವಾಗಲೂ ಟುಂ, ಬರುವಾಗಲೂ ಟುಂ. ನಂಬರ್ 11, 12, 11. ನಿಕ್ಕಲ್ ಮೇಲೆ 13. ನಿಕ್ಕಲ್ ನಾಣ್ಯದಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಮೆಷಿನ್‌ಗೆ ಅದು ಚಿನ್ನದ ಉಂಗುರದ ಚಿಕ್ಕಪ್ಪನ ಮಗನಂತೆ ಕಾಣುತ್ತದೆ. ಅದಕ್ಕೇ ಜೆರ್ಸಿಯಲ್ಲಿ ಚಿನ್ನ ಹುಡುಕುವವರು ನಿಕ್ಕಲ್ ಸಿಕ್ಕರೂ ಬೇಸರ ಮಾಡುವುದಿಲ್ಲ.

16ರಲ್ಲೂ ನೋಡಿದೆ. ಸದ್ದು ಸಣ್ಣದಾಯಿತು, ಬೇರೇನೂ ಲಾಭ ಇಲ್ಲ. 18 ಅಂತ ಬರೆದು ಕೆಳಗೆ ಎರಡು ಗೆರೆ ಹೊಡೆದೆ. ಆರು ಅಂಕಿ ಕಡಿಮೆ ಮಾಡಿ ಜಾಸ್ತಿ ಆಳ ಸಿಕ್ಕಿತು. ಗದ್ದಲದ ಮದುವೆ ಮನೆಯಲ್ಲಿ ಮೈಕ್ ಜೋರು ಮಾಡಿದರೆ ಮಾತು ಕೇಳುತ್ತದಾ? ಅಷ್ಟರಲ್ಲಿ ಒಂದು ದೊಡ್ಡ ತೆರೆ ಬಂದು ಗುಂಡಿಯನ್ನೂ ಸ್ಟ್ರೈಕರನ್ನೂ ಮುಚ್ಚಿತು. ದಾರ ಎಳೆದೆ. ಉಂಗುರ ಹೊಯ್ಗೆ ಸೀಳಿಕೊಂಡು ಬಂತು, ಬಲೆಗೆ ಬಿದ್ದ ಏಡಿ ಬಂದ ಹಾಗೆ. ಸ್ಟ್ರೈಕರ್ ಇವತ್ತಿಗೂ ಬೆಲ್ಮಾರಿನಲ್ಲಿದೆ. ಯಾರಿಗಾದರೂ ಒಂದು ದಿನ 13 ಅಂತ ತೋರಿಸುತ್ತದೆ, ಅಗೆದರೆ ಕೇರಂ ಆಡುವವನ ಗುರುತು ಸಿಗುತ್ತದೆ.

ಕೊನೆಗೂ 1 ಮತ್ತು 2 ನಂಬರಿನಲ್ಲಿ ಗುಟುಗುಟು ಇದ್ದರೆ ಆ ಎರಡನ್ನು ಮಾತ್ರ ಕೇಳಿಸದ ಹಾಗೆ ಮಾಡಬಹುದು. ನಾನು ಮಾಡಿದ್ದೇನೆ. ತೆಳು ಸರ, ಸಣ್ಣ ಕಿವಿಯೋಲೆ ಇದರಲ್ಲಿ ಹೋಗುತ್ತವೆ, ಅದು ಗೊತ್ತಿದ್ದೇ ಮಾಡಿದ್ದು. ರಿಕವರಿ ಸ್ಪೀಡ್ (ಒಂದು ಉತ್ತರ ಮುಗಿಸಿ ಮುಂದಿನದಕ್ಕೆ ತಯಾರಾಗುವ ವೇಗ) 6ರಲ್ಲಿ ಬಿಟ್ಟಿದ್ದೇನೆ. ಐರನ್ ಬಯಾಸ್ (ಅನುಮಾನ ಬಂದದ್ದನ್ನು ಕಬ್ಬಿಣ ಅನ್ನುವ ಒಲವು) ಮುಟ್ಟಿಯೇ ಇಲ್ಲ.

ಉಳಿದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತೂಕ 1.34 ಕೆಜಿ. ಎರಡು ಗಂಟೆ ಬೀಸಿದರೆ ನನ್ನ ಮೊಣಕೈ ಮಾತಾಡುತ್ತದೆ, ಆದರೆ ನನ್ನ ಮೊಣಕೈ ಪಾತ್ರೆ ತೊಳೆದರೂ ಮಾತಾಡುತ್ತದೆ. ಮೂರು ಮೀಟರ್ ಆಳದವರೆಗೆ ನೀರು ತಡೆಯುತ್ತದೆ ಅನ್ನುತ್ತಾರೆ, ನಾನು ಮೊಣಕಾಲು ಆಳ ದಾಟಿಲ್ಲ. ಬ್ಯಾಟರಿ ಒಳಗೇ ಇದೆ, ಒಂದು ಚಾರ್ಜಿಗೆ ನನಗೆ ಎರಡು ವಾರಾಂತ್ಯ. ಜೊತೆಗೆ ಬರುವ ವೈರ್‌ಲೆಸ್ ಹೆಡ್‌ಫೋನ್ ಒಣ ಹೊಯ್ಗೆಗೆ ಸರಿ. ತಲೆಗೆ ತೆರೆ ಹೊಡೆಯುವ ಜಾಗಕ್ಕೆ ಅಲ್ಲ. ಮೆನು ನನ್ನ ರುಚಿಗೆ ಸ್ವಲ್ಪ ಜಾಸ್ತಿ ಉದ್ದ. ಟೆಸ್ಟಿಂಗ್‌ನವನು ಹೇಳುತ್ತಿದ್ದೇನೆ, ಬಟನ್ ಕಡಿಮೆ ಇದ್ದಷ್ಟು ತಪ್ಪು ಕಡಿಮೆ.

ಪಲ್ಸ್ ಇಂಡಕ್ಷನ್ ಅನ್ನುವ ಬೇರೆ ಜಾತಿಯ ಮೆಷಿನ್ ಇದೆ. ಉಪ್ಪಿಗೆ ಕ್ಯಾರೇ ಅನ್ನುವುದಿಲ್ಲ, ಆಳವೂ ಜಾಸ್ತಿ. ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಅಂತ ಸರಿಯಾಗಿ ಬೇರೆ ಮಾಡುವುದಿಲ್ಲ. ಹಳೆ ಮೊಳೆ ತುಂಬಿದ ಬೋರ್ಡ್‌ವಾಕ್ ಪಕ್ಕದಲ್ಲಿ ಅದನ್ನು ಹಿಡಿದು ನಿಂತರೆ ಸೊಂಟ ಹೋಗುತ್ತದೆ.

ಜೆರ್ಸಿಯ ಕಡೆ ಇರುವ ನಮ್ಮವರಿಗೆ ಒಂದೆರಡು ಮಾತು. ಮೆಮೋರಿಯಲ್ ಡೇಯಿಂದ (ಮೇ ಕೊನೆ) ಲೇಬರ್ ಡೇವರೆಗೆ (ಸೆಪ್ಟೆಂಬರ್ ಮೊದಲು) ಹೆಚ್ಚಿನ ಊರುಗಳಲ್ಲಿ ಬೀಚ್ ಬ್ಯಾಡ್ಜ್, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಪ್ರವೇಶದ ಬಿಲ್ಲೆ ಬೇಕು, ಆಮೇಲೆ ಬೇಡ. ಡಿಟೆಕ್ಟರ್ ಬಗ್ಗೆ ಊರಿಗೊಂದು ನಿಯಮ, ಕೇಳಿಕೊಂಡು ಹೋಗಿ. ಸ್ಯಾಂಡಿ ಹುಕ್ ಕಡೆಗೆ ಮಾತ್ರ ತಗೊಂಡು ಹೋಗಬೇಡಿ. ಅದು ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಗ, ಡಿಟೆಕ್ಟರ್ ನಿಷಿದ್ಧ. ಒಂದು ಕಾಲದಲ್ಲಿ ಅಮೆರಿಕದ ಸೈನ್ಯ ಅಲ್ಲಿ ಫಿರಂಗಿ ಪರೀಕ್ಷೆ ಮಾಡುತ್ತಿತ್ತು, ಹಾಗಾಗಿ ನಿಮಗೂ ಒಳ್ಳೆಯದಲ್ಲ. 2007ರಲ್ಲಿ ಲಾಂಗ್ ಬೀಚ್ ಐಲ್ಯಾಂಡಿನ ಸರ್ಫ್ ಸಿಟಿಯಲ್ಲಿ ದಂಡೆಗೆ ತುಂಬಲು ಸಮುದ್ರದಡಿಯಿಂದ ಹೊಯ್ಗೆ ಎತ್ತಿ ಹಾಕಿದಾಗ, ಮೊದಲನೇ ಮಹಾಯುದ್ಧದ ಕಾಲದ ಮದ್ದುಗುಂಡಿನ ತುಂಡುಗಳೂ ಅದರ ಜೊತೆ ಬಂದಿದ್ದವು. ತುಕ್ಕು ಹಿಡಿದ ಉದ್ದನೆಯ ಕಬ್ಬಿಣ ಕಂಡರೆ ಸ್ಕೂಪ್ ಹಾಕಬೇಡಿ, ಪೊಲೀಸರಿಗೆ ಹೇಳಿ. ಹೀಗೆ ಹೊಸ ಹೊಯ್ಗೆ ತುಂಬಿದ ಬೀಚಿನಲ್ಲಿ ಹಳೆ ಸಾಮಾನು ಆಳಕ್ಕೆ ಹೋಗಿರುತ್ತದೆ. ನಾರ್‌ಈಸ್ಟರ್ ಬಿರುಗಾಳಿ ಬಂದು ದಂಡೆ ಕೊರೆದ ಮರುದಿನ ಹೋಗಬೇಕು.

ಊರಿಂದ ಅಳಿಯ ಕೇಳುತ್ತಿದ್ದ, "ಮಾವ, ಬರುವಾಗ ತಗೊಂಡು ಬನ್ನಿ, ಮರವಂತೆಯಲ್ಲಿ ನೋಡುವ" ಅಂತ. ಕರ್ನಾಟಕಕ್ಕೆ ತನ್ನದೇ ನಿಧಿ ಕಾಯ್ದೆ ಇದೆ ಮಾರಾಯ, ಭಾರತದ 1878ರ ಕಾಯ್ದೆಯಲ್ಲೂ ನೆಲದಲ್ಲಿ ಹೂತ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಇದೆ ಅಂತ ಹೇಳಿದೆ. "ಹತ್ತು ರೂಪಾಯಿಗೆ ಈಗ ಟೀ ಸಹ ಬರುವುದಿಲ್ಲ" ಅಂದ. ಅದು ನಿಜ. ಆದರೂ ತರುವುದಿಲ್ಲ ಅಂದೆ.

ಕೊಳ್ಳಬೇಕಾ? ಪಾರ್ಕಿನಲ್ಲಿ, ಮೈದಾನದಲ್ಲಿ ಮಾತ್ರ ಹುಡುಕುವವರಿಗೆ ಇಷ್ಟು ದುಡ್ಡು ಬೇಡ. ಒಂದೇ ಫ್ರೀಕ್ವೆನ್ಸಿಯದು ಸಾಕು. ಉಪ್ಪು ನೀರಿನ ಒದ್ದೆ ದಂಡೆಗೆ ಹೋಗುವವರು ಮಲ್ಟಿ ಫ್ರೀಕ್ವೆನ್ಸಿ ಬಿಟ್ಟು ಬೇರೆ ನೋಡಬೇಡಿ, ಈಕ್ವಿನಾಕ್ಸೇ ಆಗಬೇಕು ಅಂತೇನಿಲ್ಲ. ನನ್ನ ಲೆಕ್ಕದಲ್ಲಿ ಸೆಕೆಂಡ್ ಹ್ಯಾಂಡ್ 800ಕ್ಕೆ ಐದರಲ್ಲಿ ನಾಲ್ಕು ಅಂಕ. ಒಂದು ಅಂಕ ಮೆನುವಿಗೆ ಕಳೆದದ್ದು. ಯಾವ ಮೆಷಿನ್ ತಂದರೂ ಮೊದಲ ದಿನ ಕಿರುಚಿದರೆ ಅಂಗಡಿಗೆ ಫೋನ್ ಮಾಡುವ ಮೊದಲು ಅದನ್ನು ಸೊಂಟದ ಎತ್ತರಕ್ಕೆ ಎತ್ತಿ ಹಿಡಿದು ಒಂದು ನಿಮಿಷ ಕೇಳಿ.

ಮೂರು ವರ್ಷದಲ್ಲಿ ಸಿಕ್ಕಿದ್ದು: ಒಂದು ಬಕೆಟ್ ಸೋಡಾ ಕ್ಯಾನಿನ ಕಿವಿಗಳು, ಲೆಕ್ಕವಿಲ್ಲದಷ್ಟು ಪೆನ್ನಿಗಳು (ಒಂದು ಸೆಂಟಿನ ನಾಣ್ಯ), 1965ಕ್ಕಿಂತ ಹಿಂದಿನ ಎರಡು ಬೆಳ್ಳಿ ಡೈಮ್ (ಹತ್ತು ಸೆಂಟು), ಒಂದು ತಾಮ್ರದ ಕೀ, ಮೂರು ಉಂಗುರ. ಮೂರರಲ್ಲಿ ಎರಡು ಸ್ಟೀಲು. ಒಂದು ಚಿನ್ನದ್ದು, 10 ಕ್ಯಾರಟ್, ಒಳಗೆ ಯಾರದೋ ಎರಡು ಅಕ್ಷರ. ಬೀಚಿನ ಆಫೀಸಿಗೆ ಕೊಟ್ಟು ಬಂದೆ.

ಊರಲ್ಲಿ ನನ್ನ ಅಜ್ಜನ ಕಾಲದಲ್ಲಿ ಭರತ, ಇಳಿತ ನೋಡಲು ಪಂಚಾಂಗ ಸಾಕಿತ್ತು. ಅಮಾವಾಸ್ಯೆ ಹುಣ್ಣಿಮೆಗೆ ನೀರು ದೂರ ಹೋಗುತ್ತದೆ, ಅಷ್ಟಮಿಗೆ ಸ್ವಲ್ಪವೇ. ಲೆಕ್ಕ ಇಲ್ಲೂ ಅದೇ, ಹೊತ್ತು ಮಾತ್ರ ಬೇರೆ. ಜೆರ್ಸಿ ದಂಡೆಯಲ್ಲಿ ಅಮಾವಾಸ್ಯೆಯ ಇಳಿತ ಮಧ್ಯಾಹ್ನ ಎರಡರ ಹತ್ತಿರ ಬೀಳುತ್ತದೆ. ಈ ಭಾನುವಾರ ಅಮಾವಾಸ್ಯೆ. ಹೆಂಡತಿ ಮೊಸರನ್ನ ಕಟ್ಟಿ ಕೊಡುತ್ತೇನೆ ಅಂದಿದ್ದಾಳೆ, ಉಂಗುರ ಮನೆಯಲ್ಲಿ ಬಿಟ್ಟು ಹೋದರೆ ಮಾತ್ರ.